ತಲೆಕೆಳಗಾಗಿ ಅಂಟಿಸಿದ ನೋಟಿಸು

"ಅಲ್ಲೇ ನಿಲ್ಲು! ಒಂದು ಮೆಟ್ಟಿಲೂ ಇಳೀಬೇಡ!"

ಕೆಳಗಿನಿಂದ ಕಾವಲುಗಾರ ಕೂಗಿದ. ಅಟ್ಟದಕ್ಕ ನಿಂತಳು. ಬೆನ್ನಿಗೆ ಹಗ್ಗದಲ್ಲಿ ಬಿಗಿದ ಹಿಕ್ಕೆಯ ಮೂಟೆ, ಎರಡು ಕೈಯಲ್ಲೂ ಏಣಿ, ಎಡಗಾಲು ಇಪ್ಪತ್ತೊಂದನೆಯ ಮೆಟ್ಟಿಲ ಮೇಲೆ, ಬಲಗಾಲು ಗಾಳಿಯಲ್ಲಿ.

"ಈ ಕಾಲು ಎಲ್ಲಿಡ್ಲಿ ಮೀಸೆಯಣ್ಣ?"

"ಎಲ್ಲಾದ್ರೂ ಇಟ್ಕೋ. ಕೆಳಗೆ ಮಾತ್ರ ಇಡಬೇಡ. ದೊಡ್ಡವರು ಬರ್ತಿದ್ದಾರೆ."

ದೊಡ್ಡವರು ಎಂದರೆ ಮೇಲಿನ ಕಚೇರಿಯಿಂದ ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಅಧಿಕಾರಿ. ಅವರು ಬರುತ್ತಾರೆಂದರೆ ದಾಖಲೆ ಕಚೇರಿಯ ಗೋಡೆಗೆ ಸುಣ್ಣ ಬೀಳುತ್ತಿತ್ತು, ನಿಂತ ಗಡಿಯಾರಗಳು ನಡೆಯತೊಡಗುತ್ತಿದ್ದವು, ಕಾವಲುಗಾರನ ಮೀಸೆಗೆ ಎಣ್ಣೆ ಸಿಗುತ್ತಿತ್ತು. ಅಟ್ಟದಕ್ಕನನ್ನು ಮಾತ್ರ ಎಲ್ಲಾದರೂ ಅಡಗಿಸಬೇಕಿತ್ತು. ಅಡಗಿಸಲು ಜಾಗ ಸಿಗದಿದ್ದರೆ ಗೋಡೆಗೇ ಅಂಟಿಸಿಡಬೇಕಿತ್ತು, ಹಲ್ಲಿಯ ಹಾಗೆ.

ಏಣಿ ಕಬ್ಬಿಣದ್ದು. ಕಚೇರಿಯ ಹಿಂಗೋಡೆಯಲ್ಲಿ ಶುರುವಾಗಿ, ಪಕ್ಕದ ಗೋಡೆಗೆ ತಿರುಗಿ, ನಾಲ್ಕು ಅಂತಸ್ತು ದಾಟಿ, ಮಾಡಿನ ಕೆಳಗಿನ ಕಿಂಡಿಯ ಹತ್ತಿರ ಮುಗಿಯುತ್ತಿತ್ತು. ಐವತ್ತೆರಡು ಮೆಟ್ಟಿಲು. ಕಿಂಡಿಯ ಒಳಗೆ ಅಟ್ಟ. ಅಟ್ಟದ ತುಂಬ ಬಾವಲಿ. ಅವುಗಳ ಹಿಕ್ಕೆಯನ್ನು ಗುಡಿಸಿ, ಮೂಟೆ ಕಟ್ಟಿ, ಬೆನ್ನ ಮೇಲೆ ಇಳಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ ಕೆಲಸ. ಕಟ್ಟಡದ ಒಳಗೆ ಅಗಲವಾದ ಮೆಟ್ಟಿಲಿದೆಯೆಂದು, ಅದಕ್ಕೆ ಕೆಂಪು ಜಮಖಾನ ಹಾಸಿದೆಯೆಂದು ಅವಳು ಕೇಳಿ ಬಲ್ಲಳು. ಅದರ ಮೇಲೆ ಅವಳು ಕಾಲಿಡುವಂತಿರಲಿಲ್ಲ. ಅವಳಿಗೆ ವಾಸನೆಯಂತೆ. ಈ ನಿಯಮ ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು.

ಕಾರು ಬಂತು. ಬಾಗಿಲು ತೆರೆಯಿತು. ದೊಡ್ಡವರು ಇಳಿಯಲು ಬಹಳ ಹೊತ್ತು ತೆಗೆದುಕೊಂಡರು. ಬಿಳಿ ಕೋಟು, ಬಿಳಿ ಪ್ಯಾಂಟು, ಬಿಳಿ ಬೂಟು. ಮುಖ್ಯಾಧಿಕಾರಿಗಳು ಓಡಿ ಬಂದು ಗುಲಾಬಿಯ ಗುಚ್ಛ ಕೊಟ್ಟರು. ದೊಡ್ಡವರು ಗುಲಾಬಿಯೊಳಗೆ ಮೂಗು ತೂರಿಸಿ ಕಣ್ಣು ಮುಚ್ಚಿದರು.

"ಆಹಾ! ಏನು ಪರಿಮಳ! ಇಷ್ಟು ದಪ್ಪ ಹೂವು ನಾನು ಎಲ್ಲೂ ನೋಡಿಲ್ಲ."

"ನಮ್ಮ ಮನೆ ತೋಟದ್ದೇ ಸಾರ್."

"ಗೊಬ್ಬರ ಏನು ಹಾಕ್ತೀರಿ?"

ಮುಖ್ಯಾಧಿಕಾರಿಗಳು ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉತ್ತರ ಅವರ ತಲೆಯ ಮೇಲೆ ಇಪ್ಪತ್ತೊಂದನೆಯ ಮೆಟ್ಟಿಲಲ್ಲಿ ಒಂಟಿಕಾಲಲ್ಲಿ ನಿಂತಿತ್ತು. ವಾರಕ್ಕೆರಡು ಮೂಟೆ ಅವರ ತೋಟಕ್ಕೇ ಹೋಗುತ್ತಿತ್ತು. ಗುಲಾಬಿಯ ಬೇರಿಗೆ ಹೋದ ಹಿಕ್ಕೆ ಗುಲಾಬಿಯಾಗಿ ಅವರ ಮೇಜಿನ ಮೇಲೆ ಕೂರುತ್ತಿತ್ತು. ಅದನ್ನು ಹೊತ್ತವಳು ಮೇಜು ಕಂಡಿದ್ದು ಕಿಟಕಿಯಿಂದ.

ಅಟ್ಟದಕ್ಕನ ಎಡಮೊಣಕಾಲು ನಡುಗತೊಡಗಿತು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಹಿಕ್ಕೆಯ ದೂಳು ಮೂಗಿನೊಳಗೆ ಹೊಕ್ಕಿತು. ಮೂಗಿಗೆ ಕಟ್ಟಲು ಮುಖವಾಡ ಕೊಡಿ ಎಂದು ಅವಳು ಕೊಟ್ಟ ಅರ್ಜಿ ಒಂಬತ್ತು ವರ್ಷದಿಂದ ಅದೇ ಕಟ್ಟಡದೊಳಗೆ, ಯಾವುದೋ ಕಪಾಟಿನಲ್ಲಿ, ಭದ್ರವಾಗಿತ್ತು. ಸೀನು ಬಂತು. ತಡೆದಳು. ಮತ್ತೆ ಬಂತು. ತಡೆದಳು. ಮೂರನೆಯದು ಇವಳನ್ನು ಕೇಳಲೇ ಇಲ್ಲ.

ಸೀನಿದ ಹೊಡೆತಕ್ಕೆ ಮೂಟೆಯ ಹೊಲಿಗೆ ಬಿಚ್ಚಿತು.

ಬಾವಲಿಯ ಹಿಕ್ಕೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಮಿನುಗುತ್ತದೆ. ತಿಂದ ಹುಳುಗಳ ರೆಕ್ಕೆ, ಬೆನ್ನಿನ ಚಿಪ್ಪು, ಎಲ್ಲ ಪುಡಿಯಾಗಿ ಅದರೊಳಗಿರುತ್ತದೆ. ದೊಡ್ಡವರು ಕ್ಷಣಮಾತ್ರದಲ್ಲಿ ತಲೆಯಿಂದ ಕಾಲಿನವರೆಗೆ ಮಿನುಗಿದರು. ಬಿಸಿಲು ಬೇರೆ ಇತ್ತು. ಮದುವೆ ಗಂಡೂ ಅಷ್ಟು ಹೊಳೆಯುವುದಿಲ್ಲ.

"ಏನಿದು?" ಎಂದರು ದೊಡ್ಡವರು, ಬಾಯಿ ಬಿಟ್ಟು. ಬಾಯಿ ಬಿಡಬಾರದಿತ್ತು.

*

ವಿಚಾರಣೆ ಅದೇ ಮಧ್ಯಾಹ್ನ ನಡೆಯಿತು. ಮುಖ್ಯಾಧಿಕಾರಿಗಳ ಕೋಣೆ ಎರಡನೆಯ ಅಂತಸ್ತಿನಲ್ಲಿತ್ತು. ಆದ್ದರಿಂದ ಅಟ್ಟದಕ್ಕ ಇಪ್ಪತ್ತಾರನೆಯ ಮೆಟ್ಟಿಲಿಗೆ ಹತ್ತಿ, ಕಿಟಕಿಯ ಹೊರಗೆ ನಿಂತು ಹಾಜರಾದಳು. ಅವಳಿಗೆ ಏನು ಹೇಳಬೇಕಿದ್ದರೂ ಹೀಗೇ ಹೇಳುತ್ತಿದ್ದರು. ಟೀ ಕೊಡಬೇಕಿದ್ದರೂ ಹೀಗೇ. ಮೂರನೆಯ ಮೆಟ್ಟಿಲಿಗೆ ತಂತಿಯಲ್ಲಿ ಒಂದು ತಗಡಿನ ಲೋಟ ಕಟ್ಟಿತ್ತು. ಕಾವಲುಗಾರ ಕೆಳಗಿನ ಕಿಟಕಿಯಿಂದ ಕೈ ಚಾಚಿ, ಒಂದು ಮೊಳ ಎತ್ತರದಿಂದ ಅದಕ್ಕೆ ಟೀ ಸುರಿಯುತ್ತಿದ್ದ. ಗಾಳಿ ಇದ್ದ ದಿನ ಅರ್ಧ ಟೀ ಗೋಡೆಗೆ. ಕಚೇರಿಯವರೆಲ್ಲ ಕುಡಿಯುತ್ತಿದ್ದುದು ನೀಲಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ, ಕಿವಿಯಿದ್ದ ಕಪ್ಪಿನಲ್ಲಿ.

"ಏ ಅಟ್ಟ," ಎಂದರು ಮುಖ್ಯಾಧಿಕಾರಿಗಳು, ಮೂಗಿಗೆ ಕರವಸ್ತ್ರ ಹಿಡಿದು. "ಮೇಲೆ ಎಷ್ಟಿವೆ ಬಾವಲಿ?"

"ಎಣಿಸಿಲ್ಲ ಸಾಹೇಬ್ರೇ. ಸಂಜೆ ಹೊರಗೆ ಹೋಗೋಕೆ ಅರ್ಧ ಗಂಟೆ ಬೇಕು ಅವಕ್ಕೆ. ಅಷ್ಟಿವೆ."

ಮೇಜಿನ ಪಕ್ಕದಲ್ಲಿ ಕೂತಿದ್ದ ಗುಮಾಸ್ತ ಬರೆದುಕೊಂಡ: ಅರ್ಧ ಗಂಟೆಯಷ್ಟು ಬಾವಲಿಗಳು.

"ಎಲ್ಲವನ್ನೂ ಓಡಿಸ್ತೀವಿ," ಎಂದರು ಮುಖ್ಯಾಧಿಕಾರಿಗಳು. "ಕಿಂಡಿಗೆ ಜಾಲರಿ ಹೊಡಿಸ್ತೀವಿ. ದೊಡ್ಡವರ ಆಜ್ಞೆ."

"ಬೇಡಿ ಸಾಹೇಬ್ರೇ. ಪಕ್ಕದಲ್ಲೇ ಚರಂಡಿ ಇದೆ. ಅದರ ಸೊಳ್ಳೆನೆಲ್ಲ ತಿನ್ನೋದು ಇವೇ. ನಿಮ್ಮ ಕಾಗದ ತಿನ್ನೋ ಪತಂಗಾನೂ ಇವೇ ತಿನ್ನೋದು."

"ಸೊಳ್ಳೆಗೆ ಬೇರೆ ಇಲಾಖೆ ಇದೆ."

"ಆ ಇಲಾಖೆ ಸೊಳ್ಳೆ ತಿನ್ನಲ್ವಲ್ಲ ಸಾಹೇಬ್ರೇ."

ಗುಮಾಸ್ತ ಇದನ್ನು ಬರೆಯಲು ಹೋಗಿ ನಿಲ್ಲಿಸಿದ.

"ಹೊಡೆಯಲೇಬೇಕು ಅಂದ್ರೆ ಎರಡು ತಿಂಗಳು ತಡೀರಿ," ಎಂದಳು ಅಟ್ಟದಕ್ಕ. "ಈಗ ಮರಿ ಕಾಲ. ಒಂದೊಂದಕ್ಕೂ ಒಂದೊಂದು ಮರಿ ಇದೆ, ಹೆಬ್ಬೆರಳಷ್ಟು. ಅವಕ್ಕೆ ಹಾರೋಕೆ ಬರಲ್ಲ. ಅವು ಹಾರೋದು ಕಲೀಲಿ. ಆಮೇಲೆ ಒಂದು ಸಂಜೆ, ಎಲ್ಲಾ ಹೊರಗೆ ಹೋದ್ಮೇಲೆ, ಮುಚ್ಚಿ."

"ಕಚೇರಿ ಐದಕ್ಕೆ ಮುಚ್ಚುತ್ತೆ," ಎಂದ ಗುಮಾಸ್ತ. "ಸಂಜೆ ಕೆಲಸಕ್ಕೆ ಅನುಮತಿ ಇಲ್ಲ."

"ಹಗಲು ಮುಚ್ಚಿದ್ರೆ ಎಲ್ಲಾ ಒಳಗೇ ಇರ್ತವೆ."

"ಅದು ಅವುಗಳ ಸಮಸ್ಯೆ. ಕಚೇರಿ ವೇಳೆ ಎಲ್ಲರಿಗೂ ಒಂದೇ."

ಮುಖ್ಯಾಧಿಕಾರಿಗಳು ಕರವಸ್ತ್ರ ಕೆಳಗಿಳಿಸದೆ ಕೇಳಿದರು. "ನಿನ್ನ ಕೆಲಸ ಏನು?"

"ಹಿಕ್ಕೆ ಗುಡಿಸೋದು."

"ಹಿಕ್ಕೆ ಇಲ್ಲದಿದ್ರೆ?"

ಅಟ್ಟದಕ್ಕನಿಗೆ ತಿಳಿಯಿತು.

*

ಆದರೆ ಕಚೇರಿ ಕಾನೂನಿನ ಪ್ರಕಾರ ನಡೆಯುವ ಕಚೇರಿ. ಯಾವುದೇ ಕಟ್ಟಡದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ವಾಸವಿದ್ದವರನ್ನು ಏಳು ದಿನದ ನೋಟಿಸು ಕೊಡದೆ ಹೊರಹಾಕುವಂತಿಲ್ಲ. ವಾಸವಿದ್ದವರು ಎಂದರೆ ಮನುಷ್ಯರೇ ಎಂದು ಕಾನೂನಿನಲ್ಲಿ ಹೇಳಿರಲಿಲ್ಲ. ಗುಮಾಸ್ತ ಮೂರು ದಿನ ಹುಡುಕಿದ. ಸಿಗಲಿಲ್ಲ. ಮುಂದೆ ಯಾರಾದರೂ ಆಕ್ಷೇಪಣೆ ಎತ್ತಿದರೆ ತನ್ನ ಕುತ್ತಿಗೆಗೆ ಬರುತ್ತದೆಂದು ಹೆದರಿ ನೋಟಿಸು ಬರೆದ. ಎರಡು ಪ್ರತಿ. ಒಂದು ಅಂಟಿಸಲು, ಇನ್ನೊಂದು ಸ್ವೀಕೃತಿಗೆ.

ಅಂಟಿಸುವವಳು ಅಟ್ಟದಕ್ಕ. ಬೇರೆ ಯಾರು ಹತ್ತುತ್ತಾರೆ?

"ನೇರ ಅಂಟಿಸು," ಎಂದ ಗುಮಾಸ್ತ, ಏಣಿಯ ಕೆಳಗೆ ನಿಂತು.

"ನೇರ ಅಂಟಿಸಿದ್ರೆ ಅವು ಹೇಗೆ ಓದ್ತವೆ?" ಎಂದ ಕಾವಲುಗಾರ. ತಮಾಷೆಗಲ್ಲ. ಅವನು ಆ ಮೀಸೆ ಇಟ್ಟುಕೊಂಡು ಯಾವತ್ತೂ ತಮಾಷೆ ಮಾಡಿದವನಲ್ಲ. "ಅವು ತಲೆಕೆಳಗೆ ತಾನೇ ಇರೋದು? ನಾಳೆ ಓದೋಕಾಗಲಿಲ್ಲ ಅಂತ ತಕರಾರು ಬಂದ್ರೆ?"

ಗುಮಾಸ್ತ ಬೆವರಿದ. ತಕರಾರು ಎಂಬ ಶಬ್ದಕ್ಕೇ ಅವನು ಬೆವರುತ್ತಿದ್ದ. "ಹೌದಲ್ಲ! ತಲೆಕೆಳಗೆ ಅಂಟಿಸು. ಜೊತೆಗೆ ಗಟ್ಟಿಯಾಗಿ ಓದಿಯೂ ಬಿಡು. ಕಣ್ಣು ಮಂದ ಇದ್ದವರಿಗೆ."

ಅಟ್ಟದಕ್ಕ ಹತ್ತಿದಳು. ಅಟ್ಟದೊಳಗೆ ಕುಲುಮೆಯ ಬಿಸಿ. ಹಿಕ್ಕೆಯ ಘಾಟು ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ಹನ್ನೊಂದು ವರ್ಷವಾದರೂ ಮೊದಲ ಹತ್ತು ಉಸಿರು ಉಸಿರಲ್ಲ, ಬೆಂಕಿ. ತೊಲೆಗಳ ಉದ್ದಕ್ಕೂ ಬಾವಲಿಗಳು ಒಣಹಾಕಿದ ಕಾಲುಚೀಲಗಳ ಹಾಗೆ ನೇತಾಡುತ್ತಿದ್ದವು. ಒಂದೊಂದರ ಎದೆಗೂ ಒಂದೊಂದು ಬೋಳು ಮರಿ. ಅವಳು ಗೋಡೆಗೆ ನೋಟಿಸನ್ನು ತಲೆಕೆಳಗಾಗಿ ಅಂಟಿಸಿದಳು. ಆಮೇಲೆ ಅದನ್ನು ಓದಲು ತನ್ನ ಕತ್ತನ್ನೇ ತಿರುಗಿಸಬೇಕಾಯಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

"ಈ ಮೂಲಕ... ಮೇಲ್ಕಂಡ ಅಟ್ಟದ... ವಾಸಿಗಳಿಗೆ... ತಿಳಿಯಪಡಿಸುವುದೇನೆಂದರೆ... ತಾವುಗಳು..."

ತಾವುಗಳು! ಅವಳು ಅಲ್ಲೇ ನಿಂತಳು. ಈ ಕಚೇರಿ ಬಾವಲಿಗೆ 'ತಾವು' ಅನ್ನುತ್ತದೆ. ತನಗೆ 'ಏ ಅಟ್ಟ' ಅನ್ನುತ್ತದೆ.

ಅವಳಿಗೆ ನಗು ಬಂತು. ನಕ್ಕರೆ ದೂಳು ಬಾಯಿಗೆ ಹೋಗುತ್ತದೆಂದು ಸೆರಗು ಕಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ಮೇಲಿನ ತೊಲೆಯಿಂದ ಯಾರೋ ಒಬ್ಬರು ಸ್ವೀಕೃತಿಯ ಪ್ರತಿಯ ಮೇಲೆ, ಸಹಿ ಹಾಕಬೇಕಾದ ಜಾಗದಲ್ಲೇ, ಸರಿಯಾಗಿ ಉಚ್ಚೆ ಹೊಯ್ದರು. ಅದನ್ನು ಹಾಗೇ ತಂದು ಗುಮಾಸ್ತನಿಗೆ ಕೊಟ್ಟಳು. ಅವನು ಎರಡು ಕಡ್ಡಿಗಳಿಂದ ಹಿಡಿದು ಕಡತಕ್ಕೆ ಸೇರಿಸಿದ. ಕೆಳಗೆ ಬರೆದ: ಸ್ವೀಕರಿಸಲಾಗಿದೆ.

*

ಎಂಟನೆಯ ದಿನ ಮಧ್ಯಾಹ್ನ ಮೂರಕ್ಕೆ ಬಡಗಿ ಬಂದ. ಜಾಲರಿ ಹೊಡೆದ. ನಾಲ್ಕೂವರೆಗೆ ಮುಗಿಸಿದ. ಅಷ್ಟೂ ಬಾವಲಿ ಒಳಗೆ ನಿದ್ದೆ ಮಾಡುತ್ತಿದ್ದವು. "ಇವು ಒಳಗೇ ಇವೆಯಲ್ಲ?" ಎಂದು ಬಡಗಿ ಮೇಲಿನಿಂದ ಕೇಳಿದ. "ನೋಟಿಸು ಕೊಟ್ಟಾಗಿದೆ," ಎಂದ ಗುಮಾಸ್ತ ಕೆಳಗಿನಿಂದ. ನೋಟಿಸು ಕೊಟ್ಟ ಮೇಲೆ ವಾಸಿಗಳು ಕಾನೂನಿನ ದೃಷ್ಟಿಯಲ್ಲಿ ಹೋದಂತೆಯೇ. ಹೋದವರು ಕಾಣಿಸುತ್ತಿದ್ದರೆ ಅದು ನೋಡುವವರ ತಪ್ಪು.

ಅಟ್ಟದಕ್ಕನಿಗೂ ಒಂದು ಕಾಗದ ಬಂತು. ಹಿಕ್ಕೆ ಇಲ್ಲವಾದ ಕಾರಣ ನಾಳೆಯಿಂದ ಬರಬೇಕಾಗಿಲ್ಲ ಎಂದು. ಏಳು ದಿನ ಅವಳಿಗೆ ಕೊಟ್ಟಿರಲಿಲ್ಲ. ಅವಳು ಹಂಗಾಮಿ. ಬಾವಲಿಗಳು ಕಾಯಂ.

ತಂತಿ ಬಿಚ್ಚಿ ತಗಡಿನ ಲೋಟ ತೆಗೆದುಕೊಂಡು ಅವಳು ಮನೆಗೆ ಹೋದಳು.

ಮನೆ ಚರಂಡಿಯ ಆಚೆ ದಂಡೆಯಲ್ಲಿತ್ತು. ಒಂದೇ ಕೋಣೆ. ಹೊಸ್ತಿಲ ಮೇಲೆ ಅತ್ತೆ ಕೂತಿದ್ದಳು. ಅತ್ತೆ ಇವಳಿಗಿಂತ ಮೊದಲು ಮೂವತ್ತು ವರ್ಷ ಅದೇ ಏಣಿ ಹತ್ತಿದವಳು. ಈಗ ಮೊಣಕಾಲು ಮಡಚುತ್ತಿರಲಿಲ್ಲ, ನಾಲಿಗೆ ಮಾತ್ರ ನಾಲ್ಕು ಕಡೆಗೂ ಮಡಚುತ್ತಿತ್ತು. ದಿನಾ ಸಂಜೆ ಅವಳು ಹೊಸ್ತಿಲಲ್ಲಿ ಕೂತು ಬಾವಲಿಗಳು ಹೊರಡುವುದನ್ನು ನೋಡುತ್ತಿದ್ದಳು. ಕಚೇರಿಯ ಮಾಡಿನಿಂದ ಹೊಗೆಯ ಹಾಗೆ ಎದ್ದು, ಚರಂಡಿಯ ಮೇಲೆ ಬಂದು, ಸೊಳ್ಳೆಗಳ ಮೇಲೆ ಬೀಳುತ್ತಿದ್ದವು.

"ಏನೇ, ಇವತ್ತು ಇನ್ನೂ ಬಂದಿಲ್ವಲ್ಲ ನಮ್ಮವರು?" ಎಂದಳು ಅತ್ತೆ.

"ಬರಲ್ಲ ಅತ್ತೆ. ಒಳಗೆ ಹಾಕಿ ಜಾಲರಿ ಹೊಡೆದ್ರು."

"ಮರಿ ಕಾಲದಲ್ಲಾ?"

"ಹ್ಞೂಂ."

"ಯಾವ ಕತ್ತೆ ಹೇಳ್ತು ಹಾಗೆ ಮಾಡೋಕೆ?"

"ಕತ್ತೆ ಅಲ್ಲ ಅತ್ತೆ, ಬಿಳಿ ಕೋಟು."

"ಕೋಟು ಹಾಕಿದ್ರೆ ಕತ್ತೆ ಅಲ್ಲ ಅಂತ ಯಾರಂದ್ರು?"

ಮಾತು ಮುಗಿಯುವಷ್ಟರಲ್ಲಿ ಸೊಳ್ಳೆ ಬಂತು. ಒಂದಲ್ಲ, ಹತ್ತಲ್ಲ. ಚರಂಡಿಯೇ ಎದ್ದು ಬಂದ ಹಾಗೆ ಬಂತು. ಸಾಲು ಮನೆಗಳಲ್ಲೆಲ್ಲ ಚಟಪಟ ಶುರುವಾಯಿತು. ಗಂಡ ಹೆಂಡತಿಗೆ ಹೊಡೆದ, ಹೆಂಡತಿ ಗಂಡನಿಗೆ ಹೊಡೆದಳು, ಎಲ್ಲರೂ ಸೊಳ್ಳೆಯ ಹೆಸರು ಹೇಳಿದರು. ಮೂರು ಮನೆಯಾಚೆ ಹಳೆಯ ವೈರಿಗಳಿಬ್ಬರು ಒಬ್ಬರ ಕೆನ್ನೆಗೊಬ್ಬರು ಬಾರಿಸಿ, ಇಷ್ಟು ವರ್ಷದ ಲೆಕ್ಕ ಚುಕ್ತಾ ಮಾಡಿಕೊಂಡರು. ಅಟ್ಟದಕ್ಕನ ಹತ್ತು ವರ್ಷದ ಮಗಳು ಮುಖದ ಮೇಲೆ ಪಾತ್ರೆ ಮುಚ್ಚಿಕೊಂಡು ಮಲಗಿದಳು. ಬೆಳಿಗ್ಗೆ ಪಾತ್ರೆ ತೆಗೆದಾಗ ಮುಖ ಚೆನ್ನಾಗಿತ್ತು, ಕಾಲು ಊದಿಕೊಂಡು ಕುಂಬಳಕಾಯಿಯಾಗಿತ್ತು. ಪಕ್ಕದ ಮನೆಯ ಮಗುವಿಗೆ ಆಗಲೇ ಮೈ ಬಿಸಿ.

"ಅತ್ತೆ, ನಿನಗೆ ಬಾವಲಿ ಅಂದ್ರೆ ಇಷ್ಟಾನಾ?" ಎಂದು ಅಟ್ಟದಕ್ಕ ಕೇಳಿದಳು, ಮಗಳ ಕಾಲಿಗೆ ಒದ್ದೆ ಬಟ್ಟೆ ಸುತ್ತುತ್ತ.

"ಇಷ್ಟ ಏನು ಬಂತು? ಮೂವತ್ತು ವರ್ಷ ನನ್ನ ತಲೆ ಮೇಲೆ ಹೇತಿವೆ." ಅತ್ತೆ ತೊಡೆಯ ಮೇಲೆ ಕೂತ ಸೊಳ್ಳೆ ಹೊಡೆದಳು. "ಆದ್ರೆ ಒಂದು ದಿನಾನೂ ದೂರ ನಿಲ್ಲು ಅಂದಿಲ್ಲ ಕಣೇ. ನಿನ್ನ ಮಗಳನ್ನ ತೊಲೆಗೆ ಜೋಲಿ ಕಟ್ಟಿ ಹಾಕಿ ಗುಡಿಸ್ತಿದ್ಯಲ್ಲ, ಒಂದು ವರ್ಷ? ಸಾಲಲ್ಲಿ ಜಾಗ ಬಿಟ್ಟು ಕೊಟ್ಟಿದ್ವು. ಕೆಳಗಿನೋರು ಕೊಟ್ರಾ ಜಾಗ?"

ಅಟ್ಟದಕ್ಕ ಎದ್ದು ಸೆರಗು ಸಿಕ್ಕಿಸಿದಳು.

*

ಕಚೇರಿಯ ಗೇಟಿನಲ್ಲಿ ಬಟ್ಟೆಯ ಫಲಕ ಕಟ್ಟಿದ್ದರು: ಬಾವಲಿಮುಕ್ತ ಕಚೇರಿಗೆ ಸ್ವಾಗತ. ಅವತ್ತು ಮಧ್ಯಾಹ್ನ ಎರಡಕ್ಕೆ ಸಮಾರಂಭ. ದೊಡ್ಡವರು ಹೊಸ ಬಿಳಿ ಕೋಟಿನಲ್ಲಿ ಬಂದು ಪ್ರಮಾಣಪತ್ರ ಕೊಡುವವರಿದ್ದರು. ಒಂದು ತಟ್ಟೆಯಲ್ಲಿ ಕೆಂಪು ಮಕಮಲ್ಲಿನ ಮೇಲೆ ಹೊಸ ಸುತ್ತಿಗೆ ಇಟ್ಟಿದ್ದರು. ವೇದಿಕೆಯ ಮೇಲಿನ ಹಲಗೆಗೆ ದೊಡ್ಡವರು ಸಾಂಕೇತಿಕವಾಗಿ ಕೊನೆಯ ಮೊಳೆ ಹೊಡೆಯಬೇಕಿತ್ತು.

"ಮೀಸೆಯಣ್ಣ, ಅವೆಲ್ಲ ಒಳಗೇ ಇವೆ. ಬಿಡು ನನ್ನ, ಹೋಗಿ ಬಿಚ್ತೀನಿ."

"ನಿನಗೆ ಒಳಗೆ ಏನು ಕೆಲಸ?" ಎಂದ ಕಾವಲುಗಾರ. ಕೆನ್ನೆಗೆ ಹೊಡೆದುಕೊಂಡ. "ಕಾಗದ ಕೊಟ್ಟಾಗಿದೆ ನಿನಗೆ." ಕತ್ತಿಗೆ ಹೊಡೆದುಕೊಂಡ. ಹಗಲಿನಲ್ಲೂ ಸೊಳ್ಳೆ ಬಿಟ್ಟಿರಲಿಲ್ಲ. "ದೂರ ನಿಲ್ಲು. ಅಲ್ಲಿ, ಕಂಬದ ಹತ್ತಿರ."

ಅವಳು ಕಂಬದ ಹತ್ತಿರ ನಿಂತಳು. ಸಭಾಂಗಣ ನಾಲ್ಕನೆಯ ಅಂತಸ್ತಿನಲ್ಲಿತ್ತು, ಅಟ್ಟದ ನೇರ ಕೆಳಗೆ. ಕಿಟಕಿಯಿಂದ ಧ್ವನಿವರ್ಧಕದ ಮಾತು ಕೇಳುತ್ತಿತ್ತು.

"ಮಾನ್ಯರೇ," ಎಂದರು ದೊಡ್ಡವರು.

ಚಪ್, ಚಪ್, ಚಪ್, ಎಂದು ಸಭೆ ಸೊಳ್ಳೆ ಹೊಡೆಯಿತು.

ದೊಡ್ಡವರು ಅದನ್ನು ಚಪ್ಪಾಳೆ ಎಂದುಕೊಂಡರು. ಅವರ ಭಾಷಣಕ್ಕೆ ಇಷ್ಟು ಬೇಗ ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ. ಧ್ವನಿ ಏರಿತು. "ಸ್ವಚ್ಛತೆ ಎಂದರೇನು?" ಚಪಚಪಚಪ. "ಸ್ವಚ್ಛತೆ ಎಂದರೆ ಅನಗತ್ಯವಾದವರನ್ನು ಹೊರಗಿಡುವುದು!" ಚಪಚಪಚಪಚಪ. ಐದು ನಿಮಿಷದ ಭಾಷಣ ಮುಕ್ಕಾಲು ಗಂಟೆಯಾಯಿತು. ಜನ ಎರಡು ಕೈಯಲ್ಲೂ ಹೊಡೆದುಕೊಳ್ಳುತ್ತಿದ್ದರು. ಕೆಲವರು ಎದ್ದು ನಿಂತು ಹೊಡೆದುಕೊಂಡರು. ದೊಡ್ಡವರ ಕಣ್ಣಲ್ಲಿ ನೀರು ಬಂತು. ಸುತ್ತಿಗೆ ಎತ್ತಿದರು. ಹಲಗೆಗೆ ಬಲವಾಗಿ ಒಂದು ಏಟು ಕೊಟ್ಟರು.

ತಲೆಯ ಮೇಲೆ ಚಾವಣಿಯ ಹಳೆಯ ಹಲಗೆ ಆ ಏಟಿನ ಅದುರಿಗೇ ಕಾಯುತ್ತಿತ್ತು. ಪಂಖದ ಕೊಂಡಿಯ ಸುತ್ತ ಅಂಗೈಯಗಲದ ತೂತು ಬಿತ್ತು. ತೂತಿನಿಂದ ಒಂದು ಬಾವಲಿ ತಲೆ ಹಾಕಿ ಸಭೆಯನ್ನು ನೋಡಿತು. ಆಮೇಲೆ ಬಂದವು, ಒಂದು ರಾತ್ರಿ ಉಪವಾಸವಿದ್ದವು, ಅಷ್ಟೂ. ಕೆಳಗೆ ಸಭಾಂಗಣದ ತುಂಬ ಸೊಳ್ಳೆ. ಅವುಗಳಿಗೆ ಊಟದ ಕರೆಯೋಲೆ ಬೇಕಿರಲಿಲ್ಲ.

ಒಂದು ದೊಡ್ಡವರ ಟೈಗೆ ನೇತುಬಿದ್ದು ಅಲ್ಲೇ ನೆಲೆಸಿತು. ಒಂದು ಗುಮಾಸ್ತನ ಕಿವಿಯಿಂದ ಸೊಳ್ಳೆ ಕಿತ್ತುಕೊಂಡು ಹೋಯಿತು. ಅವನು ತನಗೆ ನೋಟಿಸು ಬಂತೆಂದು ಕಿರುಚಿದ. ಇಪ್ಪತ್ತಾರು ಬಾವಲಿಗಳು ವೇದಿಕೆಯ ಹಿಂದೆ ಕಟ್ಟಿದ್ದ ಇನ್ನೊಂದು 'ಸ್ವಾಗತ'ದ ಅಕ್ಷರಗಳನ್ನು ಹಂಚಿಕೊಂಡು ತೂಗಿದವು. ಅಧಿಕಾರಿಗಳು, ಅತಿಥಿಗಳು, ಎಲ್ಲ ಕಾಲಿಗೆ ಬುದ್ಧಿ ಹೇಳಿದರು. ಕೆಂಪು ಜಮಖಾನದ ಮೆಟ್ಟಿಲಿನಿಂದ ಉರುಳಿ, ಜಾರಿ, ಒಬ್ಬರ ಮೇಲೊಬ್ಬರು ಬಿದ್ದು ಅಂಗಳ ಸೇರಿದರು.

"ಅಟ್ಟದವಳೆಲ್ಲಿ?" ಎಂದು ಮುಖ್ಯಾಧಿಕಾರಿಗಳು ಕೂಗಿದರು. ಆಮೇಲೆ "ಅಟ್ಟದಕ್ಕ ಎಲ್ಲಿ?" ಎಂದರು. ಅವಳು ಕಂಬದ ಹತ್ತಿರವೇ ನಿಂತಿರುವುದು ಕಂಡಾಗ "ಅಟ್ಟದಮ್ಮನವರೇ!" ಎಂದರು. "ಏನಾದ್ರೂ ಮಾಡಿ! ಅವುಗಳನ್ನ ಹೊರಗೆ ಹಾಕಿ!"

"ಏಣಿ ಹತ್ತಿ ಹೋದ್ರೆ ಸಭಾಂಗಣ ಸಿಗಲ್ಲ ಸಾಹೇಬ್ರೇ," ಎಂದಳು ಅವಳು. "ಮುಂದಿನ ಬಾಗಿಲಿಂದಾನೇ ಹೋಗ್ಬೇಕು."

ಕಾವಲುಗಾರ ಬಾಗಿಲು ಬಿಟ್ಟು ಸರಿದ.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳು ಮುಂದಿನ ಬಾಗಿಲು ದಾಟಿದಳು. ಜಮಖಾನ ಅಷ್ಟೇನೂ ಮೆತ್ತಗಿರಲಿಲ್ಲ. ಬಣ್ಣ ಹೋಗಿತ್ತು, ಅಲ್ಲಲ್ಲಿ ಹರಿದಿತ್ತು. ಇದಕ್ಕಾ ಇಷ್ಟು? ಸಭಾಂಗಣದಲ್ಲಿ ಮೊದಲು ಪಂಖ ಆರಿಸಿದಳು. ದೀಪ ಆರಿಸಿದಳು. ಕಿಟಕಿಗಳನ್ನೆಲ್ಲ ಅಗಲಕ್ಕೆ ತೆರೆದಳು. ಬಾವಲಿಗಳು ಒಂದೊಂದಾಗಿ ಪರದೆಯ ಕತ್ತಲೆ ಹುಡುಕಿಕೊಂಡು ನೇತುಬಿದ್ದವು. ಸಂಜೆಯವರೆಗೆ ಕಾಯಬೇಕು, ಅಷ್ಟೇ.

ಆಗ ವೇದಿಕೆಯ ಪಕ್ಕದ ಪುಟ್ಟ ಬಾಗಿಲು ಅವಳ ಕಣ್ಣಿಗೆ ಬಿತ್ತು. ಚಿಲಕ ಈ ಕಡೆಗೇ ಇತ್ತು. ತೆಗೆದಳು. ಒಳಗೆ ಮೆಟ್ಟಿಲು. ಎಣಿಸಿಕೊಂಡು ಹತ್ತಿದಳು. ಏಳು. ಏಳನೆಯದರ ಮೇಲೆ ಒಂದು ಹಲಗೆ. ಭುಜ ಕೊಟ್ಟು ನೂಕಿದಳು. ಹಲಗೆ ಸರಿಯಿತು. ಘಾಟು ಬಂದು ಕಣ್ಣಿಗೆ ಚುಚ್ಚಿತು.

ಅಟ್ಟ. ಅವಳದೇ ಅಟ್ಟ. ಆ ಹಲಗೆಯಿದ್ದ ಕಡೆ ಬರೀ ಗೋಡೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಅವಳು ಏಳನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏಳು ಮೆಟ್ಟಿಲು ಇತ್ತು. ಐವತ್ತೆರಡು ಹತ್ತಿಸಿದರು. ಬಸಿರಲ್ಲಿ ಹತ್ತಿಸಿದರು. ಬಾಣಂತನದಲ್ಲಿ, ಬೆನ್ನಿಗೆ ಮೂಟೆ ಮುಂದಕ್ಕೆ ಮಗು ಕಟ್ಟಿಕೊಂಡು ಇಳಿದಳು. ಅತ್ತೆಯ ಮೊಣಕಾಲು ತಿಂದರು. ಚಿಲಕ ಅವರ ಕಡೆಗಿತ್ತು.

ಅವಳು ಅಳಲಿಲ್ಲ. ಕೆಳಗಿಳಿದು ಮಕಮಲ್ಲಿನ ತಟ್ಟೆಯ ಪಕ್ಕದಲ್ಲಿ ಬಿದ್ದಿದ್ದ ಸುತ್ತಿಗೆ ತಂದಳು. ಹಲಗೆಯನ್ನು ಮತ್ತೆ ಎಳೆದು, ಕೆಳಗಿನಿಂದ ಯಾರೂ ಸರಿಸದ ಹಾಗೆ ಅದಕ್ಕೆ ಹಿಕ್ಕೆಯ ಮೂಟೆಗಳನ್ನು ಒತ್ತಿಟ್ಟಳು. ಅಟ್ಟದಲ್ಲಿ ಮರಿಗಳು ತೊಲೆಗೆ ಜೋತುಬಿದ್ದು ಚಿಂವ್ ಚಿಂವ್ ಎನ್ನುತ್ತಿದ್ದವು. ತಾಯಂದಿರು ಕೆಳಗೆ, ಇವು ಮೇಲೆ. ಅವಳು ಕಿಂಡಿಯ ಜಾಲರಿಗೆ ಒಳಗಿನಿಂದ ಸುತ್ತಿಗೆ ಹಾಕಿದಳು. ಒಂದು, ಎರಡು, ಮೂರು. ಒಂದು ಏಟು ತಗಡಿನ ಲೋಟದ ಲೆಕ್ಕಕ್ಕೆ. ಒಂದು ಏಟು ಕಂಬಕ್ಕೆ. ಒಂದು ಏಟು ಚಿಲಕಕ್ಕೆ. ಜಾಲರಿ ಒಂದು ಬದಿಗೆ ಕಿತ್ತು ಜೋತಾಡಿತು. ಅವಳು ಕಿಂಡಿಯಲ್ಲಿ ಕೂತು ಕಾಲನ್ನು ಏಣಿಯ ಐವತ್ತೆರಡನೆಯ ಮೆಟ್ಟಿಲ ಮೇಲೆ ಇಟ್ಟಳು. ಕೆಳಗಿನಿಂದ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು.

ಸೂರ್ಯ ಇಳಿದ. ಮೊದಲು ಒಂದು ಹೋಯಿತು. ಆಮೇಲೆ ಹತ್ತು. ಆಮೇಲೆ ಸಭಾಂಗಣದ ಕಿಟಕಿಗಳಿಂದ ಹೊಗೆಯ ಹಾಗೆ ಎದ್ದವು. ಅಂಗಳದಲ್ಲಿದ್ದವರ ತಲೆಯ ಮೇಲೆ ಹಾದು ಚರಂಡಿಯ ಕಡೆ ತಿರುಗಿದವು. ಆಚೆ ದಂಡೆಯಲ್ಲಿ ಒಂದು ಹೊಸ್ತಿಲ ಮೇಲೆ ಯಾರೋ ಕೈ ಬೀಸಿದ ಹಾಗೆ ಅವಳಿಗೆ ಕಂಡಿತು. ಅರ್ಧ ಗಂಟೆ. ಸರಿಯಾಗಿ ಅಷ್ಟೇ.

"ಈಗ!" ಎಂದರು ದೊಡ್ಡವರು ಮುಖ್ಯಾಧಿಕಾರಿಗಳಿಗೆ, ಖಾಲಿಯಾದ ಟೈ ನೋಡಿಕೊಂಡು. "ಎಲ್ಲಾ ಹೊರಗಿವೆ. ಈಗ ಮುಚ್ಚಿಸಿ. ಇಲ್ಲದಿದ್ದರೆ ನಾಳೆಯಿಂದ ನೀವೂ ಹೊರಗೆ."

ಬಡಗಿ ಯಾವಾಗಲೋ ಓಡಿಹೋಗಿದ್ದ. ಮುಖ್ಯಾಧಿಕಾರಿಗಳು ಸುತ್ತ ನೋಡಿದರು. ಎಲ್ಲರೂ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಅವರೇ ಏಣಿಗೆ ಕೈ ಹಾಕಿದರು. ಅವರ ಹಿಂದೆ, ಅವರು ಬಿದ್ದರೆ ಹಿಡಿಯಲೆಂದು, ಕಾವಲುಗಾರ. ಹತ್ತರಲ್ಲಿ ಉಬ್ಬಸ ಬಂತು. ಇಪ್ಪತ್ತೊಂದರಲ್ಲಿ ಎಡಮೊಣಕಾಲು ನಡುಗಿತು. ನಲವತ್ತೊಂಬತ್ತರಲ್ಲಿ ನಿಂತು ಹಲ್ಲು ಕಿರಿದರು.

"ಅಟ್ಟದಮ್ಮನವರೇ, ನೀವು ಹೇಳಿದ್ದೇ ಸರಿ. ಸಂಜೇನೇ ಮುಚ್ಚಬೇಕು. ನಾವು ಕಲಿತ್ವಿ. ಸುತ್ತಿಗೆ ನಿಮ್ಮ ಹತ್ರಾನೇ ಇದೆ. ನಾಲ್ಕು ಮೊಳೆ ಹೊಡೆದುಬಿಡಿ."

"ಮರಿ ಒಳಗಿವೆ."

"ಸಣ್ಣವು ತಾನೇ. ಎರಡು ದಿನ. ಆಮೇಲೆ ಸದ್ದು ಇರಲ್ಲ."

ಅವಳು ಅವರ ಮುಖವನ್ನು ನೋಡಿದಳು. ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಕರವಸ್ತ್ರ ಅಡ್ಡ ಇರುತ್ತಿತ್ತು. ಸಾಮಾನ್ಯ ಮುಖ. ಮೂಗಿನ ಮೇಲೆ ಸೊಳ್ಳೆ ಕಚ್ಚಿದ ಗಂಟು.

"ಮುಚ್ಚಲ್ಲ."

"ಕೆಲಸ ಕಾಯಂ ಮಾಡ್ತೀನಿ. ಆದೇಶ ಜೇಬಲ್ಲಿದೆ, ನೋಡಿ. ಸಹಿ, ಮೊಹರು, ಎಲ್ಲಾ ಇದೆ. ಒಳಗಿನ ಕೆಲಸ. ಹಿಕ್ಕೆ ಮುಟ್ಟಬೇಕಾಗಿಲ್ಲ."

ಅವಳ ಬೆನ್ನ ಹಿಂದೆ ತೊಲೆಯ ತುದಿಯಲ್ಲಿ ಒಂದು ಮರಿ ಕೂಗುತ್ತಿತ್ತು. ಹತ್ತು ವರ್ಷದ ಹಿಂದೆ ಅದೇ ತೊಲೆಯಲ್ಲಿ ಅವಳ ಮಗಳ ಜೋಲಿ ಇತ್ತು.

"ಮುಚ್ಚಲ್ಲ."

"ಜಮಖಾನದ ಮೆಟ್ಟಿಲು ಹತ್ತಬಹುದು. ನಾಳೆಯಿಂದಾನೇ."

"ಹತ್ತಿ ನೋಡ್ದೆ. ಹರಿದಿದೆ."

ಮುಖ್ಯಾಧಿಕಾರಿಗಳು ಹಿಂತಿರುಗಿ ಕಣ್ಣು ಮಿಟುಕಿಸಿದರು. ಅವರ ಕಾಲಿನ ಸಂದಿಯಿಂದ ಕಾವಲುಗಾರನ ಕೈ ಮೇಲೆ ಬಂತು. ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ನೀಲಿ ಹೂವಿನ ಪಿಂಗಾಣಿ ಕಪ್ಪು, ಕಿವಿಯಿದ್ದದ್ದು. ಅಷ್ಟೂ ಮೆಟ್ಟಿಲು ಒಂಟಿಕೈಯಲ್ಲಿ ಹತ್ತಿ ತಂದಿದ್ದ. ಅರ್ಧ ಟೀ ಅವನ ಮೀಸೆಯ ಮೇಲಿತ್ತು, ಅರ್ಧ ಕಪ್ಪಿನ ಒಳಗಿತ್ತು. ಹೊಗೆಯಾಡುತ್ತಿತ್ತು. ಅವಳ ಗಂಟಲು ಬೆಳಗಿನಿಂದ ಒಣಗಿತ್ತು, ದೂಳು ಕುಡಿದು ಕುಡಿದು ಸುಡುತ್ತಿತ್ತು.

"ಟೀ ಆದ್ರೂ ತಗೊಳ್ಳಿ ಅಕ್ಕ," ಎಂದ ಕಾವಲುಗಾರ. ಹನ್ನೊಂದು ವರ್ಷದಲ್ಲಿ ಅವನು ಅಕ್ಕ ಎಂದದ್ದು ಅದೇ ಮೊದಲು. "ಕುಡಿದು, ಆಮೇಲೆ ಮೊಳೆ ಹೊಡೀರಿ. ಇವತ್ತಿನಿಂದ ಈ ಕಪ್ಪು ನಿಮ್ಮದೇ."

ಚರಂಡಿಯ ಕಡೆಯಿಂದ ಒಂದು ತಾಯಿ ಆಗಲೇ ಹೊಟ್ಟೆ ತುಂಬಿಸಿಕೊಂಡು ಮರಳಿ ಬರುತ್ತಿತ್ತು. ಮುಖ್ಯಾಧಿಕಾರಿಗಳ ಬೋಳುತಲೆಯನ್ನು ಸವರಿಕೊಂಡು, ಅಟ್ಟದಕ್ಕನ ಕಿವಿಯ ಪಕ್ಕದಲ್ಲೇ ಹಾದು ಒಳಗೆ ಹೋಯಿತು. ಕೂಗುತ್ತಿದ್ದ ಮರಿ ಸುಮ್ಮನಾಯಿತು.

ಅವಳು ಸುತ್ತಿಗೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಕಿಂಡಿಯ ತುಂಬ ಸರಿಯಾಗಿ ಕೂತಳು.

"ಬೇಡ," ಎಂದಳು.